ಹುಲ್ಲು ಸುಡುವ ಔಷಧಿಯೊಳಗಿನ ಒಂಟಿ ಎಲೆಕ್ಟ್ರಾನ್

ಗೊಬ್ಬರದಂಗಡಿಗೆ ಹೋಗಿ ಕಳೆ ಔಷಧಿ ಕೇಳಿ ನೋಡಿ. ಅಂಗಡಿಯವರು ತಿರುಗಿ ಕೇಳುವುದು ಇಷ್ಟೇ: ಬೇಗ ಸಾಯ್ಬೇಕಾ, ಬೇರು ಸಮೇತ ಸಾಯ್ಬೇಕಾ? ಬೇರಿನವರೆಗೆ ಇಳಿಯುವ ಗ್ಲೈಫೊಸೇಟ್ ಹೊಡೆದರೆ ಹುಲ್ಲು ಹಳದಿಯಾಗಲು ವಾರ, ಹತ್ತು ದಿನ ಕಾಯಬೇಕು. ಇನ್ನೊಂದು ಬಗೆಯದನ್ನು ಬೆಳಿಗ್ಗೆ ಹೊಡೆದರೆ, ಬಿಸಿಲು ಚೆನ್ನಾಗಿದ್ದರೆ, ಸಂಜೆಯೊಳಗೆ ಎಲೆ ಜೋತು ಬೀಳುತ್ತದೆ. ಮಾರನೇ ದಿನ ಬದುವೆಲ್ಲ ಕಂದು. ಈ ಎರಡನೆಯದರ ಹೆಸರು ಪ್ಯಾರಾಕ್ವಾಟ್.

ಕಾಫಿ, ಟೀ, ರಬ್ಬರ್ ತೋಟಗಳಲ್ಲಿ ಕಳೆ ಕೀಳಲು ಆಳು ಸಿಗುವುದು ಕಷ್ಟವಾದಷ್ಟೂ ಇಂಥ ಕ್ಯಾನುಗಳು ಜಾಸ್ತಿಯಾಗಿವೆ. ಜೊತೆಗೆ ಇದರ ಹೆಸರು ಕೃಷಿ ಪುಟದಲ್ಲಷ್ಟೇ ಕಾಣಿಸುತ್ತಿಲ್ಲ. ವಿಷಪ್ರಾಶನದ ಸುದ್ದಿಗಳಲ್ಲಿ ಬರುತ್ತದೆ. ಯಾವ ದೇಶ ನಿಷೇಧಿಸಿತು ಎಂಬ ವರದಿಗಳಲ್ಲಿ ಬರುತ್ತದೆ. ಅಮೆರಿಕದಲ್ಲಿ ಇದರ ಮೇಲೆ ಸಾವಿರಾರು ಮೊಕದ್ದಮೆಗಳಿವೆ. ಓದುವವರಿಗೆ ಒಂದು ಗೊಂದಲ ಉಳಿದೇ ಇರುತ್ತದೆ. ಇದು ಆಸಿಡ್ ಅಲ್ಲ, ಬೆಂಕಿಯೂ ಅಲ್ಲ, ನೀರಿನಲ್ಲಿ ಕರಗುವ ಒಂದು ಉಪ್ಪು. ಹಾಗಿದ್ದೂ ಎಲೆಯನ್ನು ಹೇಗೆ ಸುಡುತ್ತದೆ? ಮನುಷ್ಯರ ಮೈಗೆ ಸೇರಿದರೆ ಪ್ರತಿವಿಷ ಯಾಕಿಲ್ಲ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಒಂದೇ ಒಂದು ಎಲೆಕ್ಟ್ರಾನಿನಲ್ಲಿ.

ಮೊದಲು ಎರಡು ಪದ: ಕ್ಯಾಟಯಾನ್, ರ್ಯಾಡಿಕಲ್

ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಎರಡು ಪರಮಾಣುಗಳ ನಡುವಿನ ಬಂಧ ಅಂದರೆ ಅವು ಹಂಚಿಕೊಂಡ ಒಂದು ಜೋಡಿ.

ಒಂದು ಅಣುವಿನಲ್ಲಿ ಲೆಕ್ಕಕ್ಕಿಂತ ಎಲೆಕ್ಟ್ರಾನ್ ಕಡಿಮೆಯಿದ್ದರೆ ಅದಕ್ಕೆ ಪ್ಲಸ್ ಚಾರ್ಜ್ ಬರುತ್ತದೆ. ಅದೇ ಕ್ಯಾಟಯಾನ್. ಶಾಲೆಯ ಪುಸ್ತಕದಲ್ಲಿ ಧನ ಅಯಾನು ಎಂದು ಓದಿದ್ದು. ಅಡುಗೆ ಉಪ್ಪಿನ ಸೋಡಿಯಂ ಕೂಡ ಕ್ಯಾಟಯಾನೇ. ಆದರೆ ಅದು ಒಂಟಿ ಪರಮಾಣು. ಇಂಗಾಲದ ಉಂಗುರಗಳಿಂದ ಕಟ್ಟಿದ ದೊಡ್ಡ ಅಣುಗಳಿಗೂ ಪ್ಲಸ್ ಚಾರ್ಜ್ ಇರಬಹುದು. ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಬಣ್ಣದ ಜಿವಿ ಪೇಂಟ್ ಅಂಥದ್ದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಎಂದಾಗ ಸುದ್ದಿಯಾದ ರೋಡಮೈನ್-ಬಿ ಕೂಡ ಅಂಥದ್ದೇ.

ಜೋಡಿ ಇಲ್ಲದ ಎಲೆಕ್ಟ್ರಾನ್ ಒಂದು ಅಣುವಿನಲ್ಲಿ ಉಳಿದುಬಿಟ್ಟರೆ ಅದು ಫ್ರೀ ರ್ಯಾಡಿಕಲ್. ಇಂಗಾಲದ ರ್ಯಾಡಿಕಲ್ ಬಿಡಿಯಾಗಿ ಇರಲು ಸಾಧ್ಯವೇ ಇಲ್ಲ ಎಂದು ಒಂದು ಕಾಲದಲ್ಲಿ ರಸಾಯನಶಾಸ್ತ್ರಜ್ಞರು ನಂಬಿದ್ದರು. 1900ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೊಂಬರ್ಗ್ ಬೇರೇನೋ ತಯಾರಿಸಲು ಹೋಗಿ ಹಳದಿ ದ್ರಾವಣವೊಂದನ್ನು ಪಡೆದರು. ಅದರಲ್ಲಿದ್ದದ್ದು ಅಂಥದ್ದೇ ಒಂದು ಇಂಗಾಲದ ರ್ಯಾಡಿಕಲ್. ಗಾಳಿ ತಾಗಿದ ಕೂಡಲೇ ಅದರ ಬಣ್ಣ ಹೋಗಿ ಬಿಳಿ ಪುಡಿ ಉಳಿಯುತ್ತಿತ್ತು. ಗಾಳಿಯ ಆಮ್ಲಜನಕ ಆ ಒಂಟಿ ಎಲೆಕ್ಟ್ರಾನಿಗೆ ಅಂಟಿಕೊಳ್ಳುತ್ತಿತ್ತು, ಅಷ್ಟೆ. ರ್ಯಾಡಿಕಲ್‌ಗೂ ಆಮ್ಲಜನಕಕ್ಕೂ ಇರುವ ಈ ಸೆಳೆತವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರದ್ದೇ.

ಇನ್ನೊಂದು ಮಾತು. ಪ್ಲಸ್ ಚಾರ್ಜ್ ಇರುವ ಅಣುವಿಗೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಚಾರ್ಜ್ ಒಂದು ಇಳಿಯುತ್ತದೆ, ಆದರೆ ಬಂದ ಎಲೆಕ್ಟ್ರಾನಿಗೆ ಜೋಡಿ ಇರುವುದಿಲ್ಲ. ಅಂದರೆ ಕ್ಯಾಟಯಾನ್ ರ್ಯಾಡಿಕಲ್ ಆಗಲು ಬೇಕಿರುವುದು ಒಂದೇ ಹೆಜ್ಜೆ.

ಬಣ್ಣ ಬದಲಿಸುವ ಉಪ್ಪು

ಪ್ಯಾರಾಕ್ವಾಟ್ ಅಣುವಿನಲ್ಲಿ ಆರು ಮೂಲೆಯ ಎರಡು ಉಂಗುರಗಳಿವೆ. ಪ್ರತಿ ಉಂಗುರದಲ್ಲಿ ಐದು ಇಂಗಾಲ, ಒಂದು ಸಾರಜನಕ. ಎರಡೂ ಉಂಗುರಗಳು ಬೆನ್ನಿಗೆ ಬೆನ್ನು ಕೊಟ್ಟು ಸೇರಿವೆ. ಎರಡೂ ತುದಿಯ ಸಾರಜನಕಕ್ಕೆ ಒಂದೊಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ಸೇರಿಕೊಂಡಿದ್ದು, ಒಂದೊಂದು ಪ್ಲಸ್ ಚಾರ್ಜ್ ಇದೆ. ಒಟ್ಟು ಎರಡು ಪ್ಲಸ್. ಅದನ್ನು ಸರಿದೂಗಿಸಲು ಎರಡು ಕ್ಲೋರೈಡ್. ಕ್ಯಾನಿನ ಮೇಲೆ ‘ಪ್ಯಾರಾಕ್ವಾಟ್ ಡೈಕ್ಲೋರೈಡ್ 24% ಎಸ್‌ಎಲ್’ ಎಂದು ಬರೆದಿರುವುದು ಇದನ್ನೇ. ಎಸ್‌ಎಲ್ ಅಂದರೆ ನೀರಿನಲ್ಲಿ ಕರಗುವ ದ್ರಾವಣ.

ಈ ವಸ್ತುವನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಆಗ ಯಾರಿಗೂ ಕಳೆಯ ಯೋಚನೆ ಇರಲಿಲ್ಲ. 1933ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಲಿಯೊನೋರ್ ಮಿಕೇಲಿಸ್ ಇದರ ಒಂದು ಚಂದದ ಗುಣವನ್ನು ವಿವರಿಸಿದರು. ಬಿ.ಎಸ್ಸಿ. ಓದಿದವರಿಗೆ ಮಿಕೇಲಿಸ್-ಮೆಂಟೆನ್ ಸಮೀಕರಣ ನೆನಪಿರಬಹುದು, ಅದೇ ಮಿಕೇಲಿಸ್. ಬಣ್ಣವಿಲ್ಲದ ಈ ಉಪ್ಪಿನ ದ್ರಾವಣಕ್ಕೆ ಎಲೆಕ್ಟ್ರಾನ್ ಕೊಟ್ಟರೆ ಅದು ಗಾಢ ನೀಲಿ-ನೇರಳೆಯಾಗುತ್ತದೆ. ಅದಕ್ಕೇ ಅವರು ‘ವಯೋಲೊಜನ್’ ಎಂದು ಹೆಸರಿಟ್ಟರು. ಆ ನೀಲಿ ರ್ಯಾಡಿಕಲ್‌ನದು. ಒಂದು ಎಲೆಕ್ಟ್ರಾನ್ ಪಡೆದು ಎರಡು ಪ್ಲಸ್ ಇದ್ದದ್ದು ಒಂದು ಪ್ಲಸ್ ಆಗಿ, ಜೊತೆಗೆ ರ್ಯಾಡಿಕಲ್ ಕೂಡ ಆಗಿರುತ್ತದೆ.

ಸಾಮಾನ್ಯ ರ್ಯಾಡಿಕಲ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಮುಗಿದುಹೋಗುತ್ತವೆ. ಇದು ಹಾಗಲ್ಲ. ಬಂದ ಎಲೆಕ್ಟ್ರಾನ್ ಒಂದೇ ಪರಮಾಣುವಿನ ಮೇಲೆ ಕೂರದೆ ಎರಡೂ ಉಂಗುರಗಳ ಮೇಲೆ ಹರಡಿಕೊಳ್ಳುತ್ತದೆ. ಹೀಗಾಗಿ ಈ ರ್ಯಾಡಿಕಲ್ ನೆಮ್ಮದಿಯಾಗಿ ಉಳಿಯಬಲ್ಲದು. ಗಾಳಿ ಬಿಡದೆ ಮುಚ್ಚಿಟ್ಟರೆ ನೀಲಿ ಬಣ್ಣ ಬಹಳ ಹೊತ್ತು ಇರುತ್ತದೆ. ಮುಚ್ಚಳ ತೆಗೆದು ಅಲ್ಲಾಡಿಸಿದರೆ ಬಣ್ಣ ಮಾಯ. ಆಮ್ಲಜನಕ ಆ ಎಲೆಕ್ಟ್ರಾನನ್ನು ಕಿತ್ತುಕೊಂಡಿರುತ್ತದೆ, ಮೊದಲಿನ ಬಣ್ಣವಿಲ್ಲದ ಉಪ್ಪು ಹಾಗೇ ವಾಪಸ್ಸು.

ಈ ‘ಹಾಗೇ ವಾಪಸ್ಸು’ ಎಂಬುದೇ ಇಡೀ ವಿಷಯದ ತಿರುಳು. ಇಪ್ಪತ್ತೆರಡು ವರ್ಷದ ನಂತರ, 1955ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಜೆಲಟ್ಸ್ ಹಿಲ್ ಸಂಶೋಧನಾ ಕೇಂದ್ರದಲ್ಲಿ ಇದು ಗಿಡಗಳನ್ನು ಕೊಲ್ಲುತ್ತದೆ ಎಂದು ಗೊತ್ತಾಯಿತು. 1962ರಲ್ಲಿ ‘ಗ್ರಾಮಾಕ್ಸೋನ್’ ಹೆಸರಲ್ಲಿ ಮಾರುಕಟ್ಟೆಗೆ ಬಂತು.

ಎಲೆಯೊಳಗೆ ಏನಾಗುತ್ತದೆ

ಎಲೆ ಆಹಾರ ತಯಾರಿಸಲು ಬೆಳಕು ಬೇಕು ಎಂದು ಎಲ್ಲರಿಗೂ ಗೊತ್ತು. ಬೆಳಕು ಅಲ್ಲಿ ಮಾಡುವ ಕೆಲಸ ಎಲೆಕ್ಟ್ರಾನ್ ಸಾಗಿಸುವುದು. ಪತ್ರಹರಿತ್ತಿನ ಮೇಲೆ ಬಿಸಿಲು ಬಿದ್ದಾಗ ಅಲ್ಲಿಂದ ಎಲೆಕ್ಟ್ರಾನ್‌ಗಳು ಹೊರಟು, ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ, ಕೊನೆಗೆ ಸಕ್ಕರೆ ಕಟ್ಟುವ ಕೆಲಸಕ್ಕೆ ಸೇರುತ್ತವೆ. ಈ ದಾರಿಯ ಕೊನೆಯ ಭಾಗಕ್ಕೆ ಫೋಟೊಸಿಸ್ಟಮ್-1 ಎನ್ನುತ್ತಾರೆ. ಎಲೆಕ್ಟ್ರಾನನ್ನು ಬಿಟ್ಟುಕೊಡಲು ಅತಿ ಆತುರದಲ್ಲಿರುವ ಜಾಗ ಅದು.

ಪ್ಯಾರಾಕ್ವಾಟ್ ಹೋಗಿ ನಿಲ್ಲುವುದು ಅಲ್ಲೇ. ಸಕ್ಕರೆಗೆ ಹೋಗಬೇಕಾದ ಎಲೆಕ್ಟ್ರಾನನ್ನು ತಾನು ಎತ್ತಿಕೊಂಡು ರ್ಯಾಡಿಕಲ್ ಆಗುತ್ತದೆ. ಎಲೆಯೊಳಗೆ ಆಮ್ಲಜನಕಕ್ಕೆ ಬರ ಇಲ್ಲ, ಅದನ್ನು ತಯಾರಿಸುವುದೇ ಎಲೆ ಅಲ್ವಾ? ಕ್ಷಣದಲ್ಲಿ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಹೋಗುತ್ತದೆ. ಪ್ಯಾರಾಕ್ವಾಟ್ ಮೊದಲಿನಂತಾಗಿ ಮತ್ತೆ ಅಲ್ಲೇ ನಿಲ್ಲುತ್ತದೆ. ಬಾವಿಗೆ ಇಳಿಬಿಟ್ಟ ಬಿಂದಿಗೆ ಇದು. ಇಳಿಯುತ್ತದೆ, ತುಂಬಿಕೊಳ್ಳುತ್ತದೆ, ಮೇಲೆ ಬಂದು ಸುರಿಯುತ್ತದೆ, ಮತ್ತೆ ಇಳಿಯುತ್ತದೆ. ಎಷ್ಟು ನೀರು ಸೇದಿದರೂ ಬಿಂದಿಗೆ ಸವೆಯುವುದಿಲ್ಲ. ಅದಕ್ಕೇ ಸ್ವಲ್ಪ ಔಷಧಿಯಿಂದ ಇಷ್ಟು ದೊಡ್ಡ ಹಾನಿ.

ಸುಡುವುದು ಪ್ಯಾರಾಕ್ವಾಟ್ ಅಲ್ಲ, ಎಲೆಕ್ಟ್ರಾನ್ ಪಡೆದ ಆಮ್ಲಜನಕ. ಅದಕ್ಕೆ ಸೂಪರ್‌ಆಕ್ಸೈಡ್ ಎಂದು ಹೆಸರು. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದು ಕಬ್ಬಿಣದ ಅಂಶದ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ್ಯಾಡಿಕಲ್. ಜೀವಕೋಶದಲ್ಲಿ ಹುಟ್ಟಬಹುದಾದ ಅತ್ಯಂತ ಒರಟು ರ್ಯಾಡಿಕಲ್‌ಗಳಲ್ಲಿ ಇದೊಂದು. ಎದುರಿಗೆ ಸಿಕ್ಕಿದ್ದರಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುವುದೇ ಇದರ ಕೆಲಸ.

ಜೀವಕೋಶದ ಪೊರೆ ಕೊಬ್ಬಿನಿಂದ ಆದದ್ದು. ಒಂದು ಕೊಬ್ಬಿನ ಅಣು ಹೈಡ್ರೋಜನ್ ಕಳೆದುಕೊಂಡರೆ ಅದೇ ಒಂದು ಇಂಗಾಲದ ರ್ಯಾಡಿಕಲ್ ಆಗುತ್ತದೆ. ಆಮ್ಲಜನಕ ಅದಕ್ಕೆ ಅಂಟುತ್ತದೆ. ಹೀಗೆ ಹುಟ್ಟಿದ್ದು ಪಕ್ಕದ ಕೊಬ್ಬಿನಿಂದ ಹೈಡ್ರೋಜನ್ ಕೀಳುತ್ತದೆ. ಅದು ಇನ್ನೊಂದರಿಂದ. ಅಡುಗೆಮನೆಯ ಹಳೇ ಎಣ್ಣೆ ಕಮಟು ಹಿಡಿಯುವುದೂ ಇದೇ ರಸಾಯನದಿಂದ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಆಗುವುದು ಎಲೆಯಲ್ಲಿ ಗಂಟೆಗಳಲ್ಲಿ ಆಗುತ್ತದೆ. ಪೊರೆ ಹರಿದು, ಕೋಶದ ನೀರು ಸೋರಿ, ಎಲೆ ಒಣಗುತ್ತದೆ.

ತೋಟದವರು ಕಣ್ಣಾರೆ ಕಂಡ ಎಷ್ಟೋ ಸಂಗತಿಗೆ ಕಾರಣ ಇಲ್ಲಿದೆ. ಮೋಡ ಇದ್ದರೆ ಔಷಧಿ ನಿಧಾನ, ಯಾಕೆಂದರೆ ಎಲೆಕ್ಟ್ರಾನ್ ಎತ್ತಿಕೊಡಲು ಬಿಸಿಲು ಬೇಕು. ಕೆಲವರು ಸಂಜೆ ಹೊಡೆಯುವುದನ್ನು ಇಷ್ಟಪಡುತ್ತಾರೆ. ಕತ್ತಲಲ್ಲಿ ಎಲೆ ಸಾಯುವುದಿಲ್ಲ, ಅಷ್ಟರಲ್ಲಿ ಔಷಧಿ ಚೆನ್ನಾಗಿ ಒಳಗಿಳಿದಿರುತ್ತದೆ, ಬೆಳಗಾದ ಮೇಲೆ ಕೆಲಸ ಶುರು. ಕಾಫಿ ಗಿಡದ ಬಲಿತ ಕಾಂಡಕ್ಕೆ ಹನಿ ಸಿಡಿದರೆ ತೊಂದರೆ ಆಗದಿರುವುದಕ್ಕೆ ಅಲ್ಲಿ ಹಸಿರು ಇಲ್ಲದಿರುವುದು ಕಾರಣ. ಗರಿಕೆ ಮತ್ತೆ ಚಿಗುರುವುದೂ ಹಾಗೇ. ಎಲೆ ಇಷ್ಟು ಬೇಗ ಸತ್ತರೆ ಔಷಧಿ ಬೇರಿಗೆ ಇಳಿಯುವುದು ಯಾವಾಗ?

ಮಣ್ಣಿಗೆ ಬಿದ್ದದ್ದು ಎಲ್ಲಿ ಹೋಗುತ್ತದೆ

ಇಲ್ಲಿ ಪ್ಲಸ್ ಚಾರ್ಜ್ ಬೇರೆಯೇ ಕೆಲಸ ಮಾಡುತ್ತದೆ. ಜೇಡಿಮಣ್ಣಿನ ಕಣಗಳು ಪದರ ಪದರವಾಗಿವೆ, ಅವುಗಳ ಮೇಲೆ ಮೈನಸ್ ಚಾರ್ಜ್ ಇದೆ. ಎರಡು ಪ್ಲಸ್ ಇರುವ, ಚಪ್ಪಟೆಯಾದ ಪ್ಯಾರಾಕ್ವಾಟ್ ಆ ಪದರಗಳ ನಡುವೆ ಸೇರಿಕೊಂಡು ಬಲವಾಗಿ ಅಂಟಿಬಿಡುತ್ತದೆ. ಆ ಸ್ಥಿತಿಯಲ್ಲಿ ಗಿಡಕ್ಕೆ ಸಿಗುವುದಿಲ್ಲ. ಆದ್ದರಿಂದಲೇ ಹೊಡೆದ ಕೆಲವೇ ದಿನಕ್ಕೆ ಅಲ್ಲಿ ಬಿತ್ತನೆ ಮಾಡಲು ಆಗುತ್ತದೆ. ಹಾಗಂತ ಅದು ಕರಗಿ ಹೋಯಿತು ಎಂದಲ್ಲ. ಅಂಟಿಕೊಂಡದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ಸೂಕ್ಷ್ಮಜೀವಿಗಳಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ಕೆಸರು ನೀರು ಬೆರೆಸಿ ಹೊಡೆದರೆ ಔಷಧಿ ಹಿಡಿಯುವುದಿಲ್ಲ ಎಂದು ಹೇಳುತ್ತಾರಲ್ಲ, ಅದಕ್ಕೂ ಇದೇ ಕಾರಣ. ಡ್ರಮ್ಮಿನಲ್ಲೇ ಅರ್ಧ ಜೇಡಿಗೆ ಅಂಟಿರುತ್ತದೆ.

ಮೈಗೆ ಸೇರಿದರೆ

ನಮ್ಮ ದೇಹದಲ್ಲಿ ಪತ್ರಹರಿತ್ತು ಇಲ್ಲ. ಆದರೆ ಎಲೆಕ್ಟ್ರಾನ್ ಕೊಡುವ ಕಿಣ್ವಗಳು ಬೇಕಾದಷ್ಟಿವೆ. ಆಮ್ಲಜನಕವೂ ಇದೆ. ಹಾಗಾಗಿ ಎಲೆಯಲ್ಲಿ ನಡೆಯುವ ಸುತ್ತು ಇಲ್ಲಿಯೂ ನಡೆಯುತ್ತದೆ, ಬಿಸಿಲಿನ ಹಂಗಿಲ್ಲದೆ.

ಹೆಚ್ಚು ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ. ನುಂಗಿದ ವಿಷ ಶ್ವಾಸಕೋಶಕ್ಕೆ ಯಾಕೆ ಹೋಗಬೇಕು? ಶ್ವಾಸಕೋಶದ ಕೋಶಗಳು ಪಾಲಿಅಮೀನ್ ಎಂಬ ಸಹಜ ವಸ್ತುಗಳನ್ನು ರಕ್ತದಿಂದ ಒಳಗೆಳೆದುಕೊಳ್ಳುತ್ತವೆ. ಅವುಗಳಲ್ಲೂ ಸ್ವಲ್ಪ ದೂರದಲ್ಲಿ ಎರಡು ಪ್ಲಸ್ ಚಾರ್ಜ್ ಇರುತ್ತವೆ. ಪ್ಯಾರಾಕ್ವಾಟ್‌ನ ಎರಡು ಚಾರ್ಜ್‌ಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಕೋಶ ಮೋಸಹೋಗಿ ಅದನ್ನೂ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಕಡಿಮೆ ಇದ್ದರೂ ಶ್ವಾಸಕೋಶದಲ್ಲಿ ಕೂಡುತ್ತ ಹೋಗುತ್ತದೆ. ಅದೂ ದೇಹದಲ್ಲಿ ಆಮ್ಲಜನಕ ಅತಿ ಹೆಚ್ಚು ಇರುವ ಜಾಗದಲ್ಲಿ.

ಇದರಿಂದ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟುತ್ತದೆ. ಉಸಿರಾಟ ಕಷ್ಟವಾದರೆ ಆಕ್ಸಿಜನ್ ಹಾಕುವುದು ವಾಡಿಕೆ. ಪ್ಯಾರಾಕ್ವಾಟ್ ರೋಗಿಗೆ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ತೀರಾ ಅನಿವಾರ್ಯವಾಗುವವರೆಗೆ ಹೆಚ್ಚುವರಿ ಆಕ್ಸಿಜನ್ ಕೊಡುವುದಿಲ್ಲ. ರ್ಯಾಡಿಕಲ್ ಸುತ್ತಿಗೆ ಬೇಕಾದದ್ದನ್ನೇ ಕೈಯಾರೆ ಕೊಟ್ಟಂತಾಗುತ್ತದೆ.

ಪ್ರತಿವಿಷ ಇಲ್ಲದಿರುವುದಕ್ಕೂ ಇದೇ ಕಾರಣ. ಕೆಲವು ವಿಷಗಳು ದೇಹದ ಒಂದು ನಿರ್ದಿಷ್ಟ ಜಾಗಕ್ಕೆ ಹೋಗಿ ಕೂರುತ್ತವೆ. ಅಲ್ಲಿಂದ ಎಬ್ಬಿಸುವ ಔಷಧಿ ಕೊಟ್ಟರೆ ಆಯಿತು. ಪ್ಯಾರಾಕ್ವಾಟ್ ಎಲ್ಲೂ ಕೂರುವುದಿಲ್ಲ, ಸುಮ್ನೆ ಎಲೆಕ್ಟ್ರಾನ್ ಸಾಗಿಸುತ್ತಿರುತ್ತದೆ. ಅದನ್ನು ಹೊರಹಾಕುವುದು ಅಥವಾ ಹೀರಿಕೊಳ್ಳದಂತೆ ತಡೆಯುವುದು, ಇವೆರಡೇ ದಾರಿ. ಹೊಟ್ಟೆಯಲ್ಲಿರುವಾಗಲೇ ಅದನ್ನು ಹಿಡಿದಿಡಲು ಇದ್ದಿಲ ಪುಡಿ ಕೊಡುತ್ತಾರೆ, ಜೇಡಿಯ ಜಾತಿಯ ಫುಲ್ಲರ್ಸ್ ಅರ್ತ್ ಕೂಡ ಕೊಡುವುದುಂಟು. ಮಣ್ಣಿನಲ್ಲಿ ನಡೆಯುವುದನ್ನು ಹೊಟ್ಟೆಯಲ್ಲಿ ನಡೆಸುವ ಪ್ರಯತ್ನ ಅದು.

ವಿಷ ದೇಹಕ್ಕೆ ಸೇರಿದೆಯೇ ಎಂದು ತಿಳಿಯುವ ಪರೀಕ್ಷೆ ತೀರ ಸರಳ. ಒಂದು ಟೆಸ್ಟ್ ಟ್ಯೂಬಿನಲ್ಲಿ ರೋಗಿಯ ಮೂತ್ರ. ಅದಕ್ಕೆ ಸ್ವಲ್ಪ ಕ್ಷಾರ, ಆಮೇಲೆ ಸೋಡಿಯಂ ಡೈಥಯೊನೈಟ್ ಎಂಬ ಬಿಳಿ ಪುಡಿ. ಇದು ಧಾರಾಳವಾಗಿ ಎಲೆಕ್ಟ್ರಾನ್ ಕೊಡುವ ವಸ್ತು. ಪ್ಯಾರಾಕ್ವಾಟ್ ಇದ್ದರೆ ಕಣ್ಣೆದುರೇ ದ್ರವ ನೀಲಿಯಾಗುತ್ತದೆ. ಬಣ್ಣ ಕಡು ಆದಷ್ಟೂ ವಿಷ ಜಾಸ್ತಿ. ಒಂಟಿ ಎಲೆಕ್ಟ್ರಾನ್ ಹೊತ್ತ ರ್ಯಾಡಿಕಲ್ ಅನ್ನು ಬರಿಗಣ್ಣಿನಿಂದ ನೋಡುವುದು ಅಪರೂಪ. ಇಲ್ಲಿ ಅದು ಡ್ಯೂಟಿ ಡಾಕ್ಟರ ಕೈಯಲ್ಲಿರುತ್ತದೆ.

ಮನೆಯವರು ತಿಳಿದಿರಬೇಕಾದ್ದು ಒಂದಿದೆ. ಮೊದಲ ಒಂದೆರಡು ದಿನ ರೋಗಿ ಚೆನ್ನಾಗಿಯೇ ಇದ್ದಂತೆ ಕಾಣಬಹುದು. ಬಾಯಿ, ಗಂಟಲು ಉರಿ ಇರುತ್ತದೆ, ಅಷ್ಟೆ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವುದು ನಂತರದ ದಿನ, ವಾರಗಳಲ್ಲಿ. ‘ಏನೂ ಆಗಿಲ್ಲ’ ಎಂದು ಮನೆಗೆ ಕರೆದುಕೊಂಡು ಬರಬಾರದು. ಬಾಯಿಗೆ ಹೋಗಿದೆ ಎಂದು ಅನುಮಾನ ಬಂದರೂ ಕ್ಯಾನಿನ ಸಮೇತ ಆಸ್ಪತ್ರೆಗೆ ಹೋಗಬೇಕು.

ಗಾಯವಿಲ್ಲದ ಚರ್ಮದ ಮೂಲಕ ಇದು ಸುಲಭವಾಗಿ ಒಳಹೋಗುವುದಿಲ್ಲ. ಆದರೆ ಬೆನ್ನ ಮೇಲಿನ ಪಂಪು ಸೋರಿ ಅಂಗಿ ಒದ್ದೆಯಾಗಿ ಗಂಟೆಗಟ್ಟಲೆ ಹಾಗೇ ಇದ್ದರೆ ಚರ್ಮ ಸುಡುತ್ತದೆ, ಸುಟ್ಟ ಚರ್ಮ ದಾರಿ ಬಿಡುತ್ತದೆ. ನಾಜಲ್ ಕಟ್ಟಿಕೊಂಡಾಗ ಬಾಯಿಯಿಂದ ಊದುವ ಅಭ್ಯಾಸ ಇನ್ನೂ ಇದೆ, ಅದಂತೂ ಬೇಡವೇ ಬೇಡ. ಉಳಿದ ಔಷಧಿಯನ್ನು ಕೂಲ್ ಡ್ರಿಂಕ್ಸ್ ಬಾಟಲಿಗೆ ಹಾಕಿಡುವುದೂ ಹಾಗೇ. ಹಾಗೆ ಇಟ್ಟದ್ದನ್ನು ಗೊತ್ತಿಲ್ಲದೆ ಕುಡಿದ ಪ್ರಕರಣಗಳಿಂದಲೇ ತಯಾರಕರು ಇದಕ್ಕೆ ನೀಲಿ-ಹಸಿರು ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ವಸ್ತು ಸೇರಿಸಲು ಶುರು ಮಾಡಿದ್ದು. ಇನ್ನು, ಮನಸ್ಸು ತೀರಾ ಕುಗ್ಗಿದವರಿರುವ ಮನೆಯಲ್ಲಿ ಈ ಕ್ಯಾನು ಕೈಗೆ ಸಿಗುವಂತೆ ಇರಲೇಬಾರದು. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ನಿಷೇಧ, ಮೊಕದ್ದಮೆ, ಪಾರ್ಕಿನ್ಸನ್

2007ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಪ್ಯಾರಾಕ್ವಾಟ್‌ಗೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿತು. ಶ್ರೀಲಂಕಾ ಹಂತ ಹಂತವಾಗಿ ನಿಲ್ಲಿಸಿತು. 2020ರಲ್ಲಿ ಥಾಯ್ಲೆಂಡ್, ಬ್ರೆಜಿಲ್ ನಿಷೇಧಿಸಿದವು. ನಮ್ಮ ಪಕ್ಕದ ಕೇರಳ 2011ರಲ್ಲೇ ನಿಷೇಧಿಸಿದೆ. ದಕ್ಷಿಣ ಕೊರಿಯಾದಲ್ಲಿ ನಿಷೇಧದ ನಂತರ ಕೀಟನಾಶಕ, ಕಳೆನಾಶಕ ಕುಡಿದು ಆಗುವ ಸಾವುಗಳು ಕಡಿಮೆಯಾದದ್ದು ದಾಖಲಾಗಿದೆ.

ಅಮೆರಿಕದ ಮೊಕದ್ದಮೆಗಳ ವಿಷಯ ಬೇರೆ. ವರ್ಷಗಟ್ಟಲೆ ಇದನ್ನು ಸಿಂಪಡಿಸಿದವರಿಗೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ ಎಂಬುದು ಅಲ್ಲಿನ ದೂರು. ಈ ಅನುಮಾನ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಇದ್ದಕ್ಕಿದ್ದಂತೆ ಮರಗಟ್ಟಿ, ಪಾರ್ಕಿನ್ಸನ್ ರೋಗಿಗಳಂತಾಗಿ ಆಸ್ಪತ್ರೆ ಸೇರಿದರು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಹುಡುಕಿದಾಗ, ಅವರು ತೆಗೆದುಕೊಂಡ ಕೃತಕ ಮಾದಕವಸ್ತುವಿನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸಿಕ್ಕಿತು. ಅದು ಮಿದುಳಿನಲ್ಲಿ ಎಂಪಿಪಿ ಪ್ಲಸ್ ಎಂಬ ಕ್ಯಾಟಯಾನ್ ಆಗಿ ಬದಲಾಗುತ್ತದೆ. ಅದರ ರಚನೆ ಹೆಚ್ಚುಕಡಿಮೆ ಪ್ಯಾರಾಕ್ವಾಟ್‌ನದೇ, ಎರಡರ ಬದಲು ಒಂದೇ ಪ್ಲಸ್. ರೂಪ ಒಂದೇ ಎಂದ ಮಾತ್ರಕ್ಕೆ ಕೆಲಸವೂ ಒಂದೇ ಎನ್ನಲಾಗದು. ಎಂಪಿಪಿ ಪ್ಲಸ್ ಕೋಶದ ಶಕ್ತಿ ತಯಾರಿಕೆಯನ್ನೇ ನೇರವಾಗಿ ತಡೆಯುತ್ತದೆ. ಪ್ಯಾರಾಕ್ವಾಟ್ ಮುಖ್ಯವಾಗಿ ರ್ಯಾಡಿಕಲ್ ಸುತ್ತಿನಿಂದ ಹಾನಿ ಮಾಡುತ್ತದೆ. ಕೆಲವು ಅಧ್ಯಯನಗಳು ರೈತರಲ್ಲಿ ನಂಟು ಕಂಡಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಪರಿಶೀಲನೆಯಲ್ಲಿ ಸಾಕಷ್ಟು ಪುರಾವೆ ಇಲ್ಲ ಎಂದಿತ್ತು. ವಾದ ಇನ್ನೂ ಮುಗಿದಿಲ್ಲ.

ಅದೇ ಗುಣ, ಬೇರೆ ಕೆಲಸ

ಎಲೆಕ್ಟ್ರಾನ್ ಪಡೆದರೆ ಬಣ್ಣ, ಬಿಟ್ಟರೆ ಬಣ್ಣವಿಲ್ಲ. ಈ ಗುಣವನ್ನು ಕಾರಿನಲ್ಲೂ ಬಳಸುತ್ತಾರೆ. ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ದಾಗ ತಾನಾಗಿ ಕಪ್ಪಾಗುವ ಕನ್ನಡಿ ಕೆಲವು ಕಾರುಗಳಲ್ಲಿದೆ. ಅಂಥ ಕನ್ನಡಿಯೊಳಗೆ ಎರಡು ಗಾಜಿನ ನಡುವೆ ವಯೋಲೊಜನ್ ಜಾತಿಯ ಉಪ್ಪು ಸೇರಿದ ಜೆಲ್ ಇರುತ್ತದೆ. ಸಣ್ಣ ವೋಲ್ಟೇಜ್ ಕೊಟ್ಟರೆ ರ್ಯಾಡಿಕಲ್ ಆಗಿ ಬಣ್ಣ ಬರುತ್ತದೆ, ತೆಗೆದರೆ ತಿಳಿಯಾಗುತ್ತದೆ. ಗಾಳಿ ಒಳಗೆ ಹೋಗದಂತೆ ಅಂಚು ಮುಚ್ಚಿರುತ್ತಾರೆ, ಯಾಕೆ ಎಂದು ಈಗ ಹೇಳಬೇಕಿಲ್ಲ. ಸೌರವಿದ್ಯುತ್ತನ್ನು ದೊಡ್ಡ ಟ್ಯಾಂಕುಗಳಲ್ಲಿ ಕೂಡಿಡುವ ಫ್ಲೋ ಬ್ಯಾಟರಿಗಳಲ್ಲೂ ಇದೇ ಜಾತಿಯ ಉಪ್ಪುಗಳನ್ನು ಪರೀಕ್ಷಿಸುತ್ತಿದ್ದಾರೆ.

ಇಂಗಾಲದ ಕ್ಯಾಟಯಾನ್‌ಗಳ ಇನ್ನೊಂದು ದೊಡ್ಡ ಬಳಗ ದ್ರವರೂಪದ ಉಪ್ಪುಗಳದು. ಇವಕ್ಕೆ ಅಯಾನಿಕ್ ಲಿಕ್ವಿಡ್ ಎನ್ನುತ್ತಾರೆ. ಅಡುಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಸಣ್ಣ, ದುಂಡನೆಯ ಅಯಾನುಗಳು ಒತ್ತೊತ್ತಾಗಿ ಕೂತಿರುವುದರಿಂದ ಅಷ್ಟು ಬಿಸಿ. ಸೋಡಿಯಂ ಜಾಗದಲ್ಲಿ ಅಂಕುಡೊಂಕಾದ ದೊಡ್ಡ ಇಂಗಾಲದ ಕ್ಯಾಟಯಾನ್ ಇಟ್ಟರೆ ಅವು ಸರಿಯಾಗಿ ಜೋಡಣೆಯಾಗುವುದಿಲ್ಲ, ಕೋಣೆಯ ಉಷ್ಣತೆಯಲ್ಲೇ ದ್ರವವಾಗಿ ಇದ್ದುಬಿಡುತ್ತವೆ. 1914ರಲ್ಲಿ ಪಾಲ್ ವಾಲ್ಡನ್ ವಿವರಿಸಿದ ಈಥೈಲ್ ಅಮೋನಿಯಂ ನೈಟ್ರೇಟ್ 12 ಡಿಗ್ರಿಗೇ ಕರಗುತ್ತದೆ. ಇವು ಬಹುತೇಕ ಆವಿಯಾಗುವುದಿಲ್ಲ, ವಿದ್ಯುತ್ ಹರಿಸುತ್ತವೆ. ಹಾಗಾಗಿ ಬ್ಯಾಟರಿಯವರಿಗೆ ಇವುಗಳ ಮೇಲೆ ಕಣ್ಣು.

ಅಲ್ಲಿಯೂ ತೊಡಕು ಅದೇ ಎಲೆಕ್ಟ್ರಾನಿನದು. ಇವುಗಳಲ್ಲಿ ಹೆಚ್ಚು ಬಳಕೆಯ ಇಮಿಡಾಜೋಲಿಯಂ ಕ್ಯಾಟಯಾನ್‌ಗೆ ಬ್ಯಾಟರಿಯ ಒಂದು ತುದಿಯಲ್ಲಿ ಎಲೆಕ್ಟ್ರಾನ್ ಒತ್ತಿ ಕೊಟ್ಟರೆ ಅದೂ ರ್ಯಾಡಿಕಲ್ ಆಗುತ್ತದೆ. ಆದರೆ ಎಲೆಕ್ಟ್ರಾನನ್ನು ಹರಡಿಕೊಳ್ಳಲು ಅದಕ್ಕಿರುವುದು ಒಂದೇ ಸಣ್ಣ ಉಂಗುರ. ವಯೋಲೊಜನ್‌ನಂತೆ ನೆಮ್ಮದಿಯಾಗಿ ಕೂತು ಎಲೆಕ್ಟ್ರಾನ್ ವಾಪಸ್ಸು ಕೊಡುವುದು ಅದಕ್ಕೆ ಸುಲಭವಲ್ಲ. ಪಕ್ಕದ ಇನ್ನೊಂದು ರ್ಯಾಡಿಕಲ್ ಜೊತೆ ಬಂಧ ಕಟ್ಟಿಕೊಂಡು ಬೇರೆಯೇ ವಸ್ತುವಾಗುತ್ತದೆ. ಬ್ಯಾಟರಿ ಎಷ್ಟು ವೋಲ್ಟ್ ತಡೆಯಬಲ್ಲದು ಎಂಬುದಕ್ಕೆ ಒಂದು ಕಡೆಯ ಮಿತಿ ಬರುವುದು ಇಲ್ಲಿಂದಲೇ.